ಸಾಲ ತೀರಿಸಲು ಸಹಾಯ: ದುಡ್ಡು ಕೊಟ್ಟೂ ನೋಡಿದೆ, ಪುಕ್ಕಟೆಯಾಗಿಯೂ ನೋಡಿದೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಹೋದ ವರ್ಷ ನನ್ನ ತಲೆ ಮೇಲೆ ನಾಲ್ಕು ಸಾಲ ಇದ್ದವು. ಬ್ಯಾಂಕಿನ ಪರ್ಸನಲ್ ಲೋನ್ 1 ಲಕ್ಷ 87 ಸಾವಿರ, ಕ್ರೆಡಿಟ್ ಕಾರ್ಡ್ 96 ಸಾವಿರ, ಹೆಂಡತಿಯ ಬಂಗಾರದ ಮೇಲೆ 60 ಸಾವಿರ, ಅವಳ ಹೆಸರಲ್ಲಿ ಸಂಘದ ಸಾಲ 40 ಸಾವಿರ. ಎಲ್ಲಾ ಕೂಡಿಸಿದರೆ 3 ಲಕ್ಷ 80 ಸಾವಿರ ದಾಟುತ್ತಿತ್ತು. ಹೊಸ ಮಷೀನ್ ತಂದ ಮೂರೇ ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಬಂತು, ಅಪ್ಪನ ಆಪರೇಷನ್ ಬಂತು, ಕಂತು ತಪ್ಪಲು ಶುರುವಾಯಿತು. ಇದೇ ಸ್ಥಿತಿಯಲ್ಲಿ ಇರುವವರು ನಮ್ಮ ಊರಲ್ಲಿ ಜಾಸ್ತಿ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ದುಡ್ಡು ತೆಗೆದುಕೊಳ್ಳುವವರ ಹತ್ತಿರ. ಮೊಬೈಲಲ್ಲಿ ಜಾಹೀರಾತು ನೋಡಿದೆ. ಸಾಲದಲ್ಲಿ ಅರ್ಧ ಕಡಿಮೆ ಮಾಡಿಸುತ್ತೇವೆ, ವಸೂಲಿಯವರ ಫೋನ್ ನಿಲ್ಲಿಸುತ್ತೇವೆ ಅಂತಿತ್ತು. ನಂಬರ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. ಒಂದು ವಿಷಯ ಒಪ್ಪಿಕೊಳ್ಳಲೇಬೇಕು, ಅವರು ಬಹಳ ಚೆನ್ನಾಗಿ ಮಾತಾಡುತ್ತಾರೆ. "ಸರ್, ನೀವು ಟೆನ್ಷನ್ ತಗೋಬೇಡಿ, ಇನ್ಮೇಲೆ ಎಲ್ಲಾ ನಾವು ನೋಡ್ಕೊಳ್ತೀವಿ" ಅಂದಳು ಆ ಹುಡುಗಿ. ಆರು ತಿಂಗಳಿಂದ ಯಾರೂ ನನ್ನ ಜೊತೆ ಅಷ್ಟು ಸಮಾಧಾನವಾಗಿ ಮಾತಾಡಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬಂತು. ಆ ನಿದ್ದೆಗೆ ಬೆಲೆ ಇಲ್ಲ ಅಂತ ನಾನು ಹೇಳೋದಿಲ್ಲ.

ಆದರೆ ಲೆಕ್ಕ ಕೇಳಿ. ಸೇರುವ ಫೀಸು 10,000, ಜಿಎಸ್‌ಟಿ ಸೇರಿ 11,800. ತಿಂಗಳಿಗೆ 2,500, ಅದಕ್ಕೂ ಜಿಎಸ್‌ಟಿ, ಅಂದರೆ 2,950. ಸಾಲ ಎಷ್ಟು ಕಡಿಮೆ ಆಗುತ್ತದೋ ಆ ಉಳಿತಾಯದಲ್ಲಿ ಶೇಕಡಾ 15 ಮತ್ತೆ ಅವರಿಗೆ. ಒಪ್ಪಂದ ಒಂಬತ್ತು ಪುಟ, ಎಲ್ಲಾ ಇಂಗ್ಲಿಷ್. ನಾನು ದಿನಾ ಬೇರೆಯವರ ಕಾಗದ ಝೆರಾಕ್ಸ್ ಮಾಡುವವನು, ಆದರೂ ಅದನ್ನು ಪೂರ್ತಿ ಓದದೇ ಸಹಿ ಹಾಕಿದೆ. ಫೀಸು ಯಾವ ಕಾರಣಕ್ಕೂ ವಾಪಸ್ ಇಲ್ಲ ಅನ್ನೋದು ಏಳನೇ ಪುಟದಲ್ಲಿತ್ತು.

ಅವರು ಹೇಳಿದ ಉಪಾಯ ಒಂದೇ. ಎಲ್ಲಾ ಇಎಂಐ ನಿಲ್ಲಿಸಿ, ಆ ದುಡ್ಡು ಬೇರೆ ಖಾತೆಯಲ್ಲಿ ಕೂಡಿಸಿ, ಬ್ಯಾಂಕಿನವರ ಫೋನ್ ಎತ್ತಬೇಡಿ. ಸಾಲ ಕೆಟ್ಟ ಸಾಲ ಅಂತ ಆದ ಮೇಲೆ ಬ್ಯಾಂಕೇ ಕಡಿಮೆಗೆ ಬರುತ್ತದೆ ಅನ್ನೋದು ಅವರ ಲೆಕ್ಕ. ಐದು ತಿಂಗಳು ಹಾಗೇ ಮಾಡಿದೆ. ಅಷ್ಟರಲ್ಲಿ 26,550 ರೂಪಾಯಿ ಅವರಿಗೆ ಹೋಗಿತ್ತು. ಆ ಕಡೆ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3.5 ಬಡ್ಡಿ, ಬಡ್ಡಿ ಮೇಲೆ ಜಿಎಸ್‌ಟಿ, ತಿಂಗಳು ತಿಂಗಳು ಲೇಟ್ ಫೀಸು. 96 ಸಾವಿರ ಹೋಗಿ 1 ಲಕ್ಷ 24 ಸಾವಿರ ಆಯಿತು. ಬಂಗಾರದ ಸಾಲಕ್ಕೆ ಹರಾಜಿನ ನೋಟಿಸ್ ಬಂತು. ಬಂಗಾರದ ಸಾಲ ಅವರು ನೋಡೋದೇ ಇಲ್ಲ ಅಂತ ಆಗ ಹೇಳಿದರು! ಬ್ಯಾಂಕಿನಿಂದ ವಕೀಲರ ನೋಟಿಸ್ ಬಂದಾಗ ಅದರ ಫೋಟೋ ಕಳಿಸಿದೆ. ಮೂರು ದಿನದ ಮೇಲೆ ಒಂದು ಉತ್ತರದ ಕಾಗದ ಕಳಿಸಿದರು, ಅದರಲ್ಲಿ ನನ್ನ ಹೆಸರೇ ತಪ್ಪಿತ್ತು.

ಆಗ ಜೇವರ್ಗಿಯಿಂದ ನಮ್ಮ ಕಾಕಾ ಬಂದಿದ್ದರು. ತೊಗರಿ ಬೆಳೆಯುವವರು, ಸಾಲದ ಕಷ್ಟ ನನಗಿಂತ ಜಾಸ್ತಿ ಕಂಡವರು. ಎಲ್ಲಾ ಕೇಳಿ ಒಂದೇ ಮಾತು ಅಂದರು: "ರೊಕ್ಕಿಲ್ಲಂತ ಹೋದಾಂವಗ ಮತ್ತ ರೊಕ್ಕಾನೇ ಕೇಳ್ತಾರಂದ್ರ, ಅವ್ರು ಹ್ಯಾಂಗ ಸಾಲ ಬಿಡಿಸ್ತಾರೋ ತಮ್ಮಾ?" ಅವರ ಊರಲ್ಲಿ ಬ್ಯಾಂಕಿನವರು ಕ್ಯಾಂಪ್ ಮಾಡಿದ್ದಾಗ ಆರ್ಥಿಕ ಸಾಕ್ಷರತಾ ಕೇಂದ್ರ ಅಂತ ಒಂದು ಇದೆ ಅಂತ ಕೇಳಿದ್ದರಂತೆ. ಅಲ್ಲಿ ಒಮ್ಮೆ ಹೋಗಿ ಬಾ ಅಂದರು.

ಈ ಕೇಂದ್ರದ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್, ಅಂದರೆ ಜಿಲ್ಲೆಯ ಬ್ಯಾಂಕುಗಳಿಗೆಲ್ಲಾ ಮುಂದಾಳು ಬ್ಯಾಂಕ್, ಇರುತ್ತದೆ, ಆ ಲೀಡ್ ಬ್ಯಾಂಕಿನವರು ಇಂಥ ಕೇಂದ್ರ ನಡೆಸಬೇಕು ಅಂತ ಆರ್‌ಬಿಐ 2012ರಲ್ಲೇ ಹೇಳಿದೆ. ಫೀಸಿಲ್ಲ. ನಾನು ಮೊದಲ ಸಲ ಹೋದಾಗ ಕುರ್ಚಿ ಖಾಲಿ, ಸಾಹೇಬರು ಹಳ್ಳಿ ಕ್ಯಾಂಪಿಗೆ ಹೋಗಿದ್ದರು. ಎರಡನೇ ಸಲ ಒಂದು ಗಂಟೆ ಕಾದೆ. ಸಿಕ್ಕಿದವರು ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್. ಸಮಾಧಾನದ ಮಾತು ಏನೂ ಆಡಲಿಲ್ಲ. "ಮೊದ್ಲ ಒಂದ್ ಹಾಳ್ಯಾಗ ಎಲ್ಲಾ ಸಾಲ ಬರೀರಿ. ಬಡ್ಡಿ ಎಷ್ಟು, ಅಡ ಏನದ, ಜಾಮೀನ್ ಯಾರದಾರ, ಎಲ್ಲಾ" ಅಂದರು. ಬರೆದೆ. ಮನೆ ಖರ್ಚೂ ಬರೆಸಿದರು, ಮಗಳ ಟ್ಯೂಷನ್ ಫೀಸಿನವರೆಗೂ.

ಆಮೇಲೆ ಆ ಹಾಳೆಯ ಮೇಲೆ ಅವರು ಹಾಕಿದ ನಂಬರುಗಳೇ ನನ್ನನ್ನು ಉಳಿಸಿದವು. ಒಂದನೇ ನಂಬರ್ ಬಂಗಾರ, ಯಾಕಂದರೆ ಹರಾಜಾದರೆ ಹೋಯಿತು, ಸದ್ಯ ಬಡ್ಡಿಯನ್ನಾದರೂ ಕಟ್ಟಿ ಮುಂದೂಡಿಸು ಅಂದರು. ಎರಡು, ಸಂಘದ ಸಾಲ. ನಾವು ತಪ್ಪಿಸಿದರೆ ಗುಂಪಿನ ಉಳಿದ ಹೆಣ್ಣುಮಕ್ಕಳ ಮೇಲೆ ಬರುತ್ತದೆ, ಓಣಿಯಲ್ಲಿ ಮುಖ ತೋರಿಸುವ ಹಾಗಿರೋದಿಲ್ಲ. ಮೂರು, ಪರ್ಸನಲ್ ಲೋನ್, ಅದಕ್ಕೆ ಬ್ರಾಂಚಿಗೆ ಹೋಗಿ ಕಂತು ಸಣ್ಣದು ಮಾಡಿಸಿಕೋ. ಕಾರ್ಡ್ ಕೊನೆಗೆ, ಅದನ್ನು ರಾಜಿ ಮಾಡಿಸುವ ಲೋಕ ಅದಾಲತ್ತಿಗೆ ಒಯ್ಯಿ. ಫೀಸು ತೆಗೆದುಕೊಂಡವರು ಐದು ತಿಂಗಳಲ್ಲಿ ಇಂಥ ಒಂದು ಹಾಳೆ ಬರೆಸಿರಲಿಲ್ಲ. ಯಾವ ಸಾಲ ಮೊದಲು ಅನ್ನೋ ಪ್ರಶ್ನೆಯೇ ಅವರಿಗೆ ಇರಲಿಲ್ಲ, ಎಲ್ಲದಕ್ಕೂ ನಿಲ್ಲಿಸು ಅನ್ನೋದೊಂದೇ ಔಷಧ.

ಪುಕ್ಕಟೆ ಸಹಾಯದಲ್ಲಿ ತೊಂದರೆ ಇಲ್ಲ ಅಂತಲ್ಲ. ಅವರು ನಿಮ್ಮ ಪರವಾಗಿ ಬ್ಯಾಂಕಿಗೆ ಹೋಗಿ ಮಾತಾಡೋದಿಲ್ಲ. ದಾರಿ ಹೇಳುತ್ತಾರೆ, ನಡೆಯೋದು ನೀವೇ. ಬ್ರಾಂಚಿಗೆ ನಾಲ್ಕು ಸಲ ಅಲೆದೆ, ಎರಡು ದಿನ ಅಂಗಡಿ ಮುಚ್ಚಿದೆ. ಐದು ತಿಂಗಳು ಫೋನ್ ಎತ್ತದೇ ಇದ್ದವನ ಮಾತು ಮ್ಯಾನೇಜರ್ ಯಾಕೆ ಕೇಳುತ್ತಾರೆ, ಅಲ್ವಾ? ಹಾಳೆ ತೋರಿಸಿದ ಮೇಲೆ ಕೇಳಿದರು. 8,400 ಇದ್ದ ಕಂತು 6,100ಕ್ಕೆ ಇಳಿಯಿತು, ಆದರೆ ಅವಧಿ 42 ತಿಂಗಳಿಗೆ ಹೋಯಿತು. ಒಟ್ಟು ಲೆಕ್ಕ ಹಾಕಿದರೆ ಮೊದಲಿಗಿಂತ ಸುಮಾರು 38 ಸಾವಿರ ಜಾಸ್ತಿ ಕಟ್ಟುತ್ತೇನೆ. ಗೊತ್ತಿದ್ದೇ ಒಪ್ಪಿಕೊಂಡೆ, ಯಾಕಂದರೆ 6,100 ನನ್ನ ಕೈಲಿ ಆಗುತ್ತದೆ, 8,400 ಆಗೋದಿಲ್ಲ.

ಲೋಕ ಅದಾಲತ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸ್ ಇದೆ. ಕೇಸ್ ಹಾಕುವ ಮುಂಚೆಯೇ ಬ್ಯಾಂಕ್ ಸಾಲದ ವಿಷಯ ಅಲ್ಲಿಗೆ ಒಯ್ಯಬಹುದು, ಕೋರ್ಟ್ ಫೀಸ್ ಇಲ್ಲ. ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ನನ್ನ ಕಾರ್ಡಿನ 1 ಲಕ್ಷ 24 ಸಾವಿರ ಅಲ್ಲಿ 78 ಸಾವಿರಕ್ಕೆ ಮುಗಿಯಿತು, ಮೂರು ಕಂತು. ಒಂದು ಎಚ್ಚರ: ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಲು ಆಗುವ ಕಂತಿಗೆ ಮಾತ್ರ ಒಪ್ಪಿ. ಒಪ್ಪಿಗೆ ಆಗದಿದ್ದರೆ ಸುಮ್ನೆ ಎದ್ದು ಬರಬಹುದು, ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಇನ್ನೊಂದು, ಹೀಗೆ ಕಡಿಮೆಗೆ ಮುಗಿಸಿದರೆ ನಮ್ಮ ಸಾಲದ ಇತಿಹಾಸ ಇಡುವ ಸಿಬಿಲ್‌ನಲ್ಲಿ ಪೂರ್ತಿ ತೀರಿದ ಸಾಲ ಅಂತ ಬರೋದಿಲ್ಲ, ಸೆಟಲ್ಡ್ ಅಂತ ಬರುತ್ತದೆ. ಮುಂದೆ ಸಾಲ ಸಿಗೋದು ಕಷ್ಟ. ದುಡ್ಡು ಕೊಟ್ಟು ಮಾಡಿಸಿದರೂ ಅದೇ ಬರುತ್ತದೆ, ಆದರೆ ಆ ಕಂಪನಿಯವರು ಇದನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಸಿಟ್ಟು ಬರೋದು ಇದಕ್ಕೇ.

ವಸೂಲಿಯವರ ಫೋನ್ ವಿಷಯಕ್ಕೂ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಬಾಕಿ ಕೇಳಿ ಫೋನ್ ಮಾಡುವ ಹಾಗಿಲ್ಲ ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ರಿಂದ ಸಂಜೆ 6 ಮಾತ್ರ. ನನಗೆ ರಾತ್ರಿ 9ಕ್ಕೆ ಬರುತ್ತಿತ್ತು, ಹೆಂಡತಿಯ ಅಣ್ಣನಿಗೂ ಮಾಡುತ್ತಿದ್ದರು. ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಬೇಕು, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ನೋಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೂ ಫೀಸಿಲ್ಲ. ಮಾಹಿತಿಗೆ 14448. ನನಗೆ ಅಲ್ಲಿವರೆಗೆ ಹೋಗುವ ಕೆಲಸ ಬರಲಿಲ್ಲ, ದಿನಾಂಕ ಮತ್ತು ಟೈಮ್ ಬರೆದು ಬ್ಯಾಂಕಿಗೆ ದೂರು ಕೊಟ್ಟ ಎರಡನೇ ವಾರಕ್ಕೆ ರಾತ್ರಿ ಫೋನ್ ನಿಂತಿತು. ಆರ್‌ಬಿಐ ನೋಂದಣಿ ಇಲ್ಲದವರು ಮನೆ ಮುಂದೆ ಬಂದು ಕೂಗಾಡಿದರೆ 2025ರಲ್ಲಿ ನಮ್ಮ ರಾಜ್ಯದಲ್ಲೇ ಕಾನೂನು ಬಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸ್ ಸ್ಟೇಷನ್‌ಗೆ ಹೋಗಲು ಹೆದರಬೇಡಿ.

ಹಾಗಾದರೆ ದುಡ್ಡು ಕೊಡೋದೇ ತಪ್ಪಾ? ನಿಮ್ಮ ಮೇಲೆ ಕೇಸ್ ಬಿದ್ದಿದೆ, ವ್ಯವಹಾರ ದೊಡ್ಡದು, ಪುಕ್ಕಟೆ ವಕೀಲರು ಸಿಗುವ ಹಾಗಿಲ್ಲ ಅಂದರೆ ಊರಿನ ವಕೀಲರಿಗೆ ಫೀಸು ಕೊಡಿ. ಅವರ ಮುಖ ನೋಡಬಹುದು, ಆಫೀಸಿಗೆ ಹೋಗಿ ಕೇಳಬಹುದು. ಆದರೆ ಕಂತು ನಿಲ್ಲಿಸಿ, ಬ್ಯಾಂಕಿನ ಜೊತೆ ಮಾತಾಡಬೇಡಿ, ಫೀಸು ಮುಂಗಡ ಕಟ್ಟಿ ಅನ್ನುವವರ ಹತ್ತಿರ ಹೋಗಬೇಡಿ. ಅವರು ಆರ್‌ಬಿಐ ಹಿಡಿತದಲ್ಲಿ ಬರೋದಿಲ್ಲ, ಒಂಬುಡ್ಸ್‌ಮನ್ ಅವರ ಮೇಲಿನ ದೂರು ತೆಗೆದುಕೊಳ್ಳೋದಿಲ್ಲ. ಸಾಲ ಮನ್ನಾ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವವರಂತೂ ಪೂರ್ತಿ ಮೋಸ, 2023ರ ಡಿಸೆಂಬರಲ್ಲಿ ಆರ್‌ಬಿಐಯೇ ಎಚ್ಚರಿಕೆ ಕೊಟ್ಟಿದೆ. ಇಂಥವರ ಮೇಲೆ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಕೊಟ್ಟ ಮೇಲೆ ನನಗೆ ಎರಡು ತಿಂಗಳ ಫೀಸು, 5,900 ರೂಪಾಯಿ ವಾಪಸ್ ಬಂತು. ಉಳಿದ 20,650ಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ತಯಾರು ಮಾಡಿಕೊಂಡಿದ್ದೇನೆ, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಫೀಸಿಲ್ಲ.

ಕೇಂದ್ರಕ್ಕೆ ಹೋಗುವವರು ಮೊದಲು ಲೀಡ್ ಬ್ಯಾಂಕ್ ಆಫೀಸಿಗೆ ಫೋನ್ ಮಾಡಿ ಸಾಹೇಬರು ಇದ್ದಾರಾ ಕೇಳಿಕೊಳ್ಳಿ. ಆಧಾರ್, ಎಲ್ಲಾ ಸಾಲದ ಸ್ಟೇಟ್‌ಮೆಂಟ್, ಆರು ತಿಂಗಳ ಪಾಸ್‌ಬುಕ್ ಎಂಟ್ರಿ, ಬಂದ ನೋಟಿಸುಗಳು, ಜೊತೆಗೆ ಸಿಬಿಲ್ ರಿಪೋರ್ಟ್ ಒಯ್ಯಿರಿ. ವರ್ಷಕ್ಕೆ ಒಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ, ಅದಕ್ಕೂ 500 ರೂಪಾಯಿ ಕೇಳುವವರು ಇದ್ದಾರೆ, ಕೊಡಬೇಡಿ. ಗಂಡ ಹೆಂಡತಿ ಇಬ್ಬರೂ ಹೋಗಿ. ನಾನು ಒಬ್ಬನೇ ಹೋಗಿದ್ದೆ, ಸಂಘದ ಸಾಲದ ಎಷ್ಟೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಮತ್ತೊಮ್ಮೆ ಅವಳನ್ನು ಕರೆದುಕೊಂಡು ಹೋಗಬೇಕಾಯಿತು.

ಬಂಗಾರ ಇನ್ನೂ ಬ್ಯಾಂಕಲ್ಲೇ ಇದೆ, ಹರಾಜು ಮಾತ್ರ ತಪ್ಪಿದೆ. ಕಾರ್ಡಿನ ಮೂರನೇ ಕಂತು ಬರುವ 10ನೇ ತಾರೀಕಿಗೆ. ಅದನ್ನು ಕಟ್ಟಿದ ದಿನವೇ ಬಾಕಿ ಇಲ್ಲ ಅನ್ನೋ ಪತ್ರ ಬರೆಸಿಕೊಂಡು ಬರಬೇಕು, ಆ ರಿಟೈರ್ ಆದ ಸಾಹೇಬರು ಎರಡೆರಡು ಸಲ ಹೇಳಿ ಕಳಿಸಿದ್ದಾರೆ.