ತೆರೆಯುವ ಮೊದಲು ಬರೆದಿಟ್ಟ ನಾಲ್ಕು ಚೀಟಿಗಳು

ಕಳೆದ ವರ್ಷದ ಯುಗಾದಿಯಿಂದ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪುಸ್ತಕವನ್ನು ತೆರೆಯುವ ಮೊದಲು, ಅದರೊಳಗೆ ಏನಿರಬಹುದೆಂದು ನನಗನ್ನಿಸುತ್ತದೋ ಅದನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮೂರು ನಾಲ್ಕು ಸಾಲು ಬರೆದು, ಮಡಚಿ, ಕೊನೆಯ ಪುಟದ ಬಳಿ ಸಿಕ್ಕಿಸಿಡುತ್ತೇನೆ. ಓದು ಮುಗಿದ ದಿನವೇ ಅದನ್ನು ಬಿಡಿಸಿ ನೋಡುವುದು. ಓದಿದ ಮೇಲೆ ‘ಇದು ನನಗೆ ಮೊದಲೇ ಗೊತ್ತಿತ್ತು’ ಎಂದು ಮನಸ್ಸು ಸುಲಭವಾಗಿ ಹೇಳಿಬಿಡುತ್ತದೆ, ಚೀಟಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಬಹುಕಾಲ ಮುಂದೂಡುತ್ತ ಬಂದಿದ್ದ ನಾಲ್ಕು ಕಾದಂಬರಿಗಳ ಚೀಟಿಗಳನ್ನು ಈಗ ಅಕ್ಕಪಕ್ಕ ಇಟ್ಟುಕೊಂಡಿದ್ದೇನೆ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕುರಿತ ಚೀಟಿಯನ್ನು ಬರೆಸಿದ್ದು ಅದರ ಹೆಸರು. ಮಾತು ಬಾರದ ಮುದುಕಿ, ರಾತ್ರಿ ಕಾಣುವ ಕನಸು, ಹಳ್ಳಿಯ ಕರುಣಾಜನಕ ಕಥೆ ಎಂದು ಬರೆದಿದ್ದೆ. ಮೂರೂ ತಪ್ಪು. ಅಜ್ಜಿಯ ಹೆಸರು ಮೂಕಾಂಬಿಕೆ. ಬಾಲ್ಯದಲ್ಲೇ ವಿಧವೆಯಾಗಿ ವರ್ಷಗಟ್ಟಲೆ ಮಾತು ಕಡಿಮೆ ಮಾಡಿದ್ದ ಆಕೆ, ಬಾಯಿ ತೆರೆದಾಗ ದೇವರು, ಧರ್ಮ, ಗಂಡುಹೆಣ್ಣಿನ ಸಂಬಂಧ ಯಾವುದನ್ನೂ ಮುಚ್ಚಿಟ್ಟು ಮಾತನಾಡುವುದಿಲ್ಲ. ಮೊಮ್ಮಗ ಸುಬ್ಬರಾಯ ಕೈಗಿಟ್ಟ ಹಳೆಯ ವಸ್ತುವನ್ನು ಮುಟ್ಟಿ ಆಕೆ ಗತಕಾಲವನ್ನು ಕಾಣುವುದೇ ಇಲ್ಲಿನ ಕನಸು. ಆದರೆ ಚೀಟಿಯ ತಪ್ಪು ನನಗೆ ಲಾಭವಾಗಲಿಲ್ಲ. ಕರುಣೆಯ ಕಥೆಗೆ ಸಿದ್ಧನಾಗಿದ್ದ ನಾನು ದೀರ್ಘ ಸಂಭಾಷಣೆಗಳ ಮುಂದೆ ಅಸಹನೆಯಿಂದ ಕುಳಿತೆ. ಅಜ್ಜಿಯ ವಿಚಾರಕ್ಕೆ ಕಿವಿಗೊಡಲು ನನಗೆ ಅರ್ಧ ಪುಸ್ತಕವೇ ಬೇಕಾಯಿತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಬಗ್ಗೆ ಸ್ನೇಹಿತರೆಲ್ಲ ಹೇಳುತ್ತಿದ್ದುದು ಹಾರುವ ಓತಿಯ ವಿಷಯ. ಹೀಗಾಗಿ ವಿಜ್ಞಾನಿಯೊಬ್ಬನ ಸಾಹಸಯಾತ್ರೆ ಎಂದು ಬರೆದಿದ್ದೆ. ಕಥೆ ಜೇನುತುಪ್ಪ ಕೊಳ್ಳುವಲ್ಲಿ ಆರಂಭವಾಗಿ, ಪ್ಯೂನ್ ಕೆಲಸಕ್ಕೆ ಹಂಬಲಿಸುವ ಮಂದಣ್ಣನ ಬೆನ್ನು ಹಿಡಿದು, ಅವನ ಮದುವೆ, ಪೊಲೀಸರ ಕಾಟ ಎಂದು ಬಹಳ ಸುತ್ತಿದ ಮೇಲೆಯೇ ಓತಿಯ ಹುಡುಕಾಟಕ್ಕೆ ಕಾಡು ಹೊಗುತ್ತದೆ. ಚೀಟಿ ಸುಳ್ಳಾಗಲಿಲ್ಲ, ಅದಕ್ಕೆ ದಕ್ಕಿದ್ದು ಕಾದಂಬರಿಯ ಕೊನೆಯ ಭಾಗ ಮಾತ್ರ.

ಎಸ್. ಎಲ್. ಭೈರಪ್ಪನವರ ‘ಪರ್ವ’ದ (1979) ಸ್ಥಿತಿ ಬೇರೆ. ಮಹಾಭಾರತದ ಕಥೆ ಯಾರಿಗೆ ಗೊತ್ತಿಲ್ಲ? ಚೀಟಿಯಲ್ಲಿ ಕುರುಕ್ಷೇತ್ರ, ದಿವ್ಯಾಸ್ತ್ರ, ಕೃಷ್ಣನ ಉಪದೇಶ ಎಂದಿತ್ತು. ಪುಸ್ತಕ ತೆರೆದದ್ದು ಮದ್ರದೇಶದ ಮುದಿ ರಾಜ ಶಲ್ಯನ ಮನೆಯಲ್ಲಿ. ಇಲ್ಲಿ ದೇವತೆಗಳೆಂದರೆ ಹಿಮಾಲಯದ ಒಂದು ಜನಾಂಗ, ನಿಯೋಗವೆಂದರೆ (ಗಂಡನಲ್ಲದವನಿಂದ ಮಗು ಪಡೆಯುವ ಹಳೆಯ ಪದ್ಧತಿ) ಕುಂತಿಯ ಮೈ ನೆನಪಿಟ್ಟುಕೊಂಡ ಅನುಭವ, ಯುದ್ಧವೆಂದರೆ ಅನ್ನ ನೀರಿನ ಕೊರತೆ ಮತ್ತು ಶವಗಳ ದುರ್ವಾಸನೆ. ಹೆಸರು ತಂದ ತಪ್ಪು ಕಲ್ಪನೆಯನ್ನು ಕೆಲವು ಅಧ್ಯಾಯಗಳು ಅಳಿಸಬಲ್ಲವು, ಆದರೆ ಬಾಲ್ಯದಿಂದ ಕೇಳಿದ ಕಥೆ ಪುಟಪುಟದಲ್ಲೂ ಎದುರು ನಿಂತು ವಾದಿಸುತ್ತದೆ. ನನ್ನ ಅನುಭವದಲ್ಲಿ ನಾಲ್ಕರಲ್ಲಿ ಅತ್ಯಂತ ಹಟಮಾರಿ ನಿರೀಕ್ಷೆ ಇದೇ. ಆ ವಾದವಿಲ್ಲದೆ ಓದಿದ್ದರೆ ‘ಪರ್ವ’ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ ಎಂಬುದೂ ನಿಜ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನನ್ನನ್ನು ಹೆದರಿಸಿದ್ದು ಗಾತ್ರದಿಂದ. ಹತ್ತು ವರ್ಷ ಅದು ಕಪಾಟಿನಲ್ಲಿ ಧೂಳು ಹಿಡಿದು ನಿಂತಿತ್ತು. ರಂಗಾಯಣದವರು ಅದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿದ್ದಾರೆಂಬ ಸುದ್ದಿ ಆ ಭಯವನ್ನು ಇನ್ನಷ್ಟು ಗಟ್ಟಿ ಮಾಡಿತ್ತು. ಚೀಟಿಯಲ್ಲಿ ಎರಡೇ ಸಾಲು: ‘ಗೌಡರ ಮನೆತನಗಳ ಭವ್ಯ ಕಥೆ. ಮೂರು ತಿಂಗಳು ಬೇಕು.’ ಆದರೆ ಕಥೆಯೊಳಗೆ ನನ್ನನ್ನು ಕರೆದೊಯ್ದವನು ಗೌಡನಲ್ಲ, ಸಿಂಬಾವಿಯ ಜೀತದಾಳು ಗುತ್ತಿ. ಅವನ ಜೊತೆಗೆ ‘ಹುಲಿಯ’ ಎಂಬ ನಾಯಿ. ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟ ಅವನ ಹೆಜ್ಜೆಯ ಜೊತೆಗೇ ಮಲೆಯ ಕಾಡು, ಕಂಬಳಿ, ಎಲೆಯಡಿಕೆ, ಜಡಿಮಳೆ ಎಲ್ಲವೂ ಬಂದವು. ಐತ ಮತ್ತು ಪೀಂಚಲು ತಮ್ಮ ಬಡಗುಡಿಸಿಲಿನಲ್ಲಿ ಬದುಕುವ ಭಾಗಗಳನ್ನು ಓದುವಾಗ, ಪುಟಗಳ ಸಂಖ್ಯೆಯನ್ನು ನೋಡುವ ಚಾಳಿಯೇ ತಪ್ಪಿಹೋಗಿತ್ತು. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕವಿ ಆರಂಭದಲ್ಲೇ ಹೇಳಿದ್ದನ್ನು ನಾನು ಅಲಂಕಾರದ ಮಾತೆಂದು ದಾಟಿಹೋಗಿದ್ದೆ. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಕ್ಕೆ ಬಂದಾಗ, ಒಂದು ನಾಯಿಗಾಗಿ ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋಗಿ ನಿಂತೆ.

ಮೂರು ತಿಂಗಳೆಂದು ಬರೆದಿದ್ದೆ, ಹತ್ತೊಂಬತ್ತು ದಿನಗಳಲ್ಲಿ ಮುಗಿಯಿತು. ಹೆಸರು ನನ್ನ ಗಮನವನ್ನು ತಪ್ಪು ದಿಕ್ಕಿಗೆ ತಿರುಗಿಸಿತು, ಸ್ನೇಹಿತರ ಮಾತು ಒಂದು ತುಣುಕನ್ನು ಪೂರ್ಣವೆಂದು ತೋರಿಸಿತು, ಗೊತ್ತಿದ್ದ ಕಥೆ ಜಗಳಕ್ಕೆ ನಿಂತಿತು. ಆದರೆ ನಿಜವಾದ ನಷ್ಟ ಮಾಡಿದ್ದು ಗಾತ್ರ, ಏಕೆಂದರೆ ಉಳಿದವು ನನ್ನ ಓದನ್ನು ಕೆಡಿಸಿದರೂ ಪುಸ್ತಕವನ್ನು ತೆರೆಯಲು ಬಿಟ್ಟವು, ಗಾತ್ರವೊಂದು ಹತ್ತು ವರ್ಷ ತೆರೆಯಲೇ ಬಿಡಲಿಲ್ಲ. ಈಗ ಅದೇ ‘ಮದುಮಗಳು’ ಎರಡನೆಯ ಓದಿಗೆ ಮೇಜಿನ ಮೇಲಿದೆ. ಹೊಸ ಚೀಟಿಯಲ್ಲಿ ಬರೆದಿರುವುದು ಇಷ್ಟು: ಈ ಸಲ ಗುತ್ತಿಯನ್ನು ಬಿಟ್ಟು ತಿಮ್ಮಿಯ ಹಿಂದೆ ಹೋಗಬೇಕು, ಅವಳು ಏನೇನನ್ನು ನೋಡುತ್ತಾಳೆಂದು ಗಮನಿಸಬೇಕು.