ವಿಂಡೋಸ್ 11 ಹಾಕಿದ ಮೇಲೆ ಲ್ಯಾಪ್‌ಟಾಪ್ ಬಿಸಿಯಾಗ್ತಿದೆಯಾ? "ಫ್ಯಾನ್ ಹೋಗಿದೆ ಸಾರ್" ಅಂದವರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ₹5,800 ಕೊಟ್ಟು ಬಂದಿದೀನಿ. ಕೈಯಲ್ಲಿರೋದು ಒಂದು ಚೀಟಿ. ಸೀಲಿಲ್ಲ, ನಂಬರಿಲ್ಲ. ಅದರಲ್ಲಿ ಬರೆದಿರೋದು ಇಷ್ಟು: ಹೊಸ ಫ್ಯಾನ್ 3,200, ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಎಳ್ಕೊಳ್ಳೋ ಲೋಹದ ಭಾಗ) ಸರ್ವಿಸ್ 1,400, ಥರ್ಮಲ್ ಪೇಸ್ಟ್ (ಆ ಬಿಸಿಯನ್ನ ಹೀಟ್‌ಸಿಂಕಿಗೆ ದಾಟಿಸೋ ಲೇಪ) 700, ಓಎಸ್ (ಅಂದ್ರೆ ವಿಂಡೋಸ್) ಟ್ಯೂನಿಂಗ್ 500. ಇದರಲ್ಲಿ ಮೊದಲ ಮೂರು ಕೆಲಸ ಅವರು ಮಾಡೇ ಇಲ್ಲ. ನಾಲ್ಕನೇದು ಮಾಡಿದಾರೆ. ಮೋಸ ಇರೋದೇ ಆ ನಾಲ್ಕನೇದರಲ್ಲಿ.

ಅಂಗಡಿ ಹೆಸರು ಹಾಕಲ್ಲ, ಕೇಳಬೇಡಿ. ಹೆಸರು ಹಾಕಿದ್ರೆ ಮಾತೆಲ್ಲ ಅದರ ಸುತ್ತಾನೇ ತಿರುಗುತ್ತೆ, ಅವರ ಆಟ ಏನು ಅನ್ನೋದು ಮರೆತೇ ಹೋಗುತ್ತೆ.

ಲ್ಯಾಪ್‌ಟಾಪ್ 2018ರದ್ದು. ಇಂಟೆಲ್ ಐ5-8250ಯು, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸ್ಟೋರೇಜ್). ಎಸ್‌ಎಸ್‌ಡಿ ಇದೆ ಅನ್ನೋದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿದ್ದು ಎಲ್ಲರಿಗೂ ಗೊತ್ತು. ಎಂಟನೇ ಜನರೇಷನ್ ಪ್ರೊಸೆಸರ್, ಟಿಪಿಎಂ 2.0 (ವಿಂಡೋಸ್ 11 ಕೇಳೋ ಸೆಕ್ಯುರಿಟಿ ಚಿಪ್) ಎರಡೂ ಇದ್ದಿದ್ರಿಂದ ವಿಂಡೋಸ್ 11 ತಕರಾರಿಲ್ಲದೆ ಕೂತ್ಕೊಂಡ್ತು. ಶನಿವಾರ ರಾತ್ರಿ ಅಪ್‌ಗ್ರೇಡ್ ಮುಗೀತು. ಭಾನುವಾರ ಬೆಳಿಗ್ಗೆಯಿಂದ ಫ್ಯಾನ್ ಮಿಕ್ಸಿ ಥರ ಕೂಗೋಕೆ ಶುರು. ಮಂಗಳವಾರ ಅಂಗಡಿಗೆ ಕೊಟ್ಟೆ. ಅಲ್ಲೇ ತಪ್ಪಾಗಿದ್ದು. ಶನಿವಾರದವರೆಗೆ ಸುಮ್ಮನಿದ್ದ ಫ್ಯಾನು ಭಾನುವಾರ ಕೂಗ್ತಿದೆ ಅಂದ್ರೆ ಮಧ್ಯೆ ಬದಲಾಗಿದ್ದು ಸಾಫ್ಟ್‌ವೇರ್. ಇಷ್ಟು ಗೊತ್ತಿದ್ದೂ ಕೊಟ್ಟೆ. ನಾಚಿಕೆ ಆಗುತ್ತೆ.

ಕೌಂಟರಲ್ಲಿದ್ದವರು ಕಿವಿ ಹತ್ರ ಇಟ್ಕೊಂಡು ಹತ್ತು ಸೆಕೆಂಡ್ ಕೇಳಿ ಹೇಳಿದ್ರು, "ಫ್ಯಾನ್ ಹೋಗಿದೆ ಸಾರ್. ಇದೇ ಥರ ಬಿಟ್ರೆ ಬೋರ್ಡ್ ಹೋಗುತ್ತೆ." ಟೆಂಪರೇಚರ್ ನೋಡಲಿಲ್ಲ, ಟಾಸ್ಕ್ ಮ್ಯಾನೇಜರ್ ತೆಗೀಲಿಲ್ಲ. ಬರೀ ಕಿವಿ.

ಕಿವಿಯಿಂದಲೇ ಹೇಳೋದಾದ್ರೆ ಕೇಳಿಸ್ಕೊಳ್ಳಿ. ಹೋದ ಫ್ಯಾನು ಕರಕರ ಅನ್ನುತ್ತೆ, ಟಿಕ್ ಟಿಕ್ ಅನ್ನುತ್ತೆ, ಯಂತ್ರ ಓರೆ ಮಾಡಿದ್ರೆ ಸದ್ದು ಬದಲಾಗುತ್ತೆ. ಅದು ಬೇರಿಂಗ್ ಸವೆದಿರೋ ಲಕ್ಷಣ. ಬರೀ ಗಾಳಿಯ "ಹೋ" ಅನ್ನೋ ಸದ್ದು ಇದ್ರೆ ಫ್ಯಾನ್ ಚೆನ್ನಾಗೇ ಇದೆ, ಜೋರಾಗಿ ತಿರುಗು ಅಂತ ಅದಕ್ಕೆ ಯಾರೋ ಹೇಳ್ತಿದಾರೆ ಅಷ್ಟೇ. ನನ್ನದು ಎರಡನೇದು.

ಶುಕ್ರವಾರ ಕರೆದ್ರು. ಟೇಬಲ್ ಮೇಲೆ ಲ್ಯಾಪ್‌ಟಾಪ್ ಆನ್ ಮಾಡಿಟ್ಟಿದ್ರು. "ಹೊಸ ಫ್ಯಾನ್, ಕಿವಿ ಕೊಟ್ಟು ಕೇಳಿ ಸಾರ್, ಸೌಂಡೇ ಇಲ್ಲ." ನಿಜವಾಗ್ಲೂ ಇರಲಿಲ್ಲ. ಬ್ರೌಸರ್ ತೆಗೆದು ತೋರಿಸಿದ್ರು, ಒಂದು ವಿಡಿಯೋ ಹಾಕಿದ್ರು, ಆಗಲೂ ಇಲ್ಲ. ಖುಷಿಯಾಗೋಯ್ತು. ಹಳೇ ಫ್ಯಾನ್ ಕೊಡಿ ಅಂದೆ. "ಅದು ಸ್ಕ್ರಾಪಿಗೆ ಹೋಯ್ತು ಸಾರ್." ಬಿಲ್ ಕೊಡಿ ಅಂದೆ. "ಜಿಎಸ್‌ಟಿ ಬಿಲ್ ಬೇಕಂದ್ರೆ 18% ಎಕ್ಸ್‌ಟ್ರಾ ಆಗುತ್ತೆ, ಸುಮ್ನೆ ಯಾಕೆ?" ಹೌದಲ್ವಾ ಸುಮ್ನೆ ಯಾಕೆ ಅಂತ ಫೋನ್ ತೆಗೆದು ಸ್ಕ್ಯಾನ್ ಮಾಡಿದೆ. ದುಡ್ಡು ಅಂಗಡಿ ಹೆಸರಿಗಲ್ಲ, ಯಾರದೋ ಹೆಸರಿಗೆ ಹೋಯ್ತು. ಹೊರಡೋವಾಗ ಹಿಂದಿಂದ ಇನ್ನೊಂದು ಮಾತು: "ಸಿ ಡ್ರೈವ್ ಫುಲ್ ಆಗಿತ್ತು, ಇಪ್ಪತ್ತು ಜಿಬಿ ಕ್ಲೀನ್ ಮಾಡಿದೀವಿ. ಅದು ಫ್ರೀ."

ಆ ಫ್ರೀ ಏನು ಗೊತ್ತಾ? ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್. ಅಪ್‌ಗ್ರೇಡ್ ಆಗಿ 10 ದಿನದವರೆಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ಗೋ ಬ್ಯಾಕ್" ಒತ್ತಿ ಹಳೇ ವಿಂಡೋಸ್‌ಗೆ ವಾಪಸ್ ಹೋಗೋಕೆ ಬೇಕಾಗಿದ್ದು ಅದೇ. ಅಪ್‌ಗ್ರೇಡ್ ಆಗಿ ಆರೇ ದಿನ ಆಗಿತ್ತು, ಇನ್ನೂ ದಾರಿ ಇತ್ತು. ಅದನ್ನ ಅಳಿಸಿ ಉಪಕಾರ ಮಾಡಿದೀವಿ ಅಂತ ಹೇಳಿ ಕಳಿಸಿದ್ರು.

ಮನೆಗೆ ಬಂದು ನೋಡಿದ್ರೆ ಸದ್ದಿಲ್ಲ, ಆದರೆ ಜೀವವೂ ಇಲ್ಲ. ಒಂದು ಎಕ್ಸೆಲ್ ಫೈಲ್ ತೆಗೆಯೋಕೆ ಅರ್ಧ ನಿಮಿಷ. ವಾಟ್ಸಾಪ್ ಮಾಡಿದೆ. ಉತ್ತರ: "ಸ್ಲೋ ಇದ್ರೆ ಎಸ್‌ಎಸ್‌ಡಿ ಹಾಕಿಸ್ಕೊಳ್ಳಿ ಸಾರ್, 3,500 ಆಗುತ್ತೆ." ಎಸ್‌ಎಸ್‌ಡಿ ಒಳಗಿದೆ ಮಾರಾಯ! ಹೀಟ್‌ಸಿಂಕ್ ತೆಗೆದು ಪೇಸ್ಟ್ ಹಾಕಿದೀನಿ ಅನ್ನೋನು ಪಕ್ಕದಲ್ಲೇ ಇರೋ ಎಸ್‌ಎಸ್‌ಡಿ ನೋಡಲಿಲ್ವಾ?

ಅಲ್ಲಿಗೆ ಅನುಮಾನ ಬಂತು. ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಸಿಪಿಯು. ಸ್ಪೀಡ್ ಒಂದು ಗಿಗಾಹರ್ಟ್ಸ್ ಒಳಗೇ ಅಂಟ್ಕೊಂಡಿದೆ. ಏನೇ ತೆಗೆದ್ರೂ ಮೇಲೇಳಲ್ಲ. ಈ ಪ್ರೊಸೆಸರ್ 3.4ರವರೆಗೆ ಹೋಗೋ ಜಾತಿ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ತೆಗೆದೆ. ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್: ಬ್ಯಾಟರಿಯಲ್ಲಿ 50%, ಚಾರ್ಜರಲ್ಲೂ 50%. ಇರಬೇಕಾಗಿದ್ದು 100.

ಇದೇ ₹500ರ ಓಎಸ್ ಟ್ಯೂನಿಂಗ್. ಕುದುರೆ ಕಾಲು ಕಟ್ಟಿ ನೋಡಿ ಎಷ್ಟು ಸಾಧು ಅಂತ ತೋರಿಸಿದ ಹಾಗೆ. ಪ್ರೊಸೆಸರ್ ಕೆಲಸವನ್ನೇ ಮಾಡದಿದ್ರೆ ಕಾಯೋದೆಲ್ಲಿ, ಫ್ಯಾನ್ ಕೂಗೋದೆಲ್ಲಿ? 100ಕ್ಕೆ ತಂದು ಅಪ್ಲೈ ಒತ್ತಿದೆ. ಒಂದು ನಿಮಿಷ ಆಗಲಿಲ್ಲ, ಅದೇ ಮಿಕ್ಸಿ. ಟೆಂಪರೇಚರ್ ತೋರಿಸೋ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರಲ್ಲಿ 96 ಡಿಗ್ರಿ. ಈ ಪ್ರೊಸೆಸರಿನ ಮಿತಿ 100. ಅವರು "ಹೊಸ ಫ್ಯಾನ್ ಕೇಳಿ" ಅಂದಾಗ ಬಗ್ಗಿ ಕಿವಿ ಕೊಟ್ಟು ತಲೆ ಆಡಿಸಿದ್ದು ನೆನಪಾಯ್ತು. ತಲೆ ಬೇರೆ ಆಡಿಸಿದ್ದೆ.

ಆಮೇಲೆ ಬಿಚ್ಚಿದೆ. ತಳದ ಕವರ್ ತೆಗೆದು ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತೆ (ಇದನ್ನ ಮರೆಯಬೇಡಿ, ಸ್ಕ್ರೂ ಡ್ರೈವರ್ ಜಾರಿದ್ರೆ ಬೋರ್ಡ್ ನಿಜವಾಗ್ಲೂ ಹೋಗುತ್ತೆ). ಫ್ಯಾನಿನಿಂದ ಹೀಟ್‌ಸಿಂಕಿನ ಫಿನ್‌ಗಳವರೆಗೆ (ಗಾಳಿ ಹಾಯೋ ತೆಳು ಲೋಹದ ಪಟ್ಟಿಗಳು) ಒಂದು ಕಪ್ಪು ಟೇಪ್ ಅಂಟಿಸಿರ್ತಾರೆ, ಗಾಳಿ ಸೋರದೆ ಇರಲಿ ಅಂತ. ಫ್ಯಾನ್ ತೆಗೀಬೇಕಂದ್ರೆ ಅದನ್ನ ಎತ್ತಲೇಬೇಕು. ನಮ್ಮದರಲ್ಲಿ ಅದು ಕಾರ್ಖಾನೆಯಲ್ಲಿ ಅಂಟಿಸಿದ ಹಾಗೇ ಇತ್ತು, ಅಂಚಿನುದ್ದಕ್ಕೂ ಏಳು ವರ್ಷದ ಧೂಳಿನ ಗೆರೆ. ಎತ್ತಿದೆ. ಫಿನ್‌ಗಳ ಬಾಯಿಗೆ ಬೂದು ಬಣ್ಣದ ಧೂಳು ಕಂಬಳಿ ಥರ ಗಟ್ಟಿಯಾಗಿ ಕೂತಿತ್ತು, ಚಿಮಟದಲ್ಲಿ ಹಿಡಿದ್ರೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಅದರೊಳಗೆ ನಮ್ಮನೆ ಬೆಕ್ಕಿನ ಬಿಳಿ ಕೂದಲು. ಫ್ಯಾನಿನ ಲೇಬಲ್ ಮೇಲೆ 2018. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಹಾಗೆ ಪುಡಿ ಉದುರ್ತಿತ್ತು.

ಫೋಟೋ ಕಳಿಸಿದೆ. ಬಂದ ಉತ್ತರಗಳು, ಬಂದ ಕ್ರಮದಲ್ಲೇ:

"ಅದು ಹಳೇ ಸ್ಟಾಕ್ ಸಾರ್, ಒರಿಜಿನಲ್ ಪೀಸ್, ಅದಕ್ಕೇ 2018 ಇದೆ." ಆ ಹಳೇ ಸ್ಟಾಕಿಗೆ ನಮ್ಮನೆ ಬೆಕ್ಕಿನ ಕೂದಲು ಹೇಗೆ ಬಂತು ಅಂತ ಕೇಳಿದೆ. ಒಂದು ಗಂಟೆ ಸದ್ದಿಲ್ಲ.

"ವಿಂಡೋಸ್ 11 ಹಾಕಿದ್ರೆ ಎಲ್ಲಾ ಲ್ಯಾಪ್‌ಟಾಪೂ ಹೀಟ್ ಆಗುತ್ತೆ ಸಾರ್." ಹಾಗಿದ್ರೆ ಫ್ಯಾನಿಗೆ 3,200 ಯಾಕೆ ತಗೊಂಡ್ರಿ?

"ನೀವೇ ಓಪನ್ ಮಾಡಿದೀರಲ್ಲ, ಇನ್ನು ವಾರಂಟಿ ಬರಲ್ಲ." ಇಲ್ಲಿ ಮಾತ್ರ ಸಿಕ್ಕಿಹಾಕ್ಕೊಂಡೆ. ನಾನೇ ಬಿಚ್ಚೋ ಬದಲು ಅವರ ಎದುರಿಗೇ ಬಿಚ್ಚಿಸಬೇಕಿತ್ತು, ಕೊನೇಪಕ್ಷ ಮೊದಲ ಸ್ಕ್ರೂವಿನಿಂದಲೇ ವಿಡಿಯೋ ಮಾಡಬೇಕಿತ್ತು. ಕೋಪದಲ್ಲಿ ಹೊಳೀಲಿಲ್ಲ. ನೀವು ಮಾಡಿ.

ಸರಿ, ನಿಜವಾದ ಕಾಯಿಲೆ ಏನಿತ್ತು? ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು ಕಾಲಂ ಒತ್ತಿ ಜೋಡಿಸಿದ್ರೆ ಮೇಲೆ ಕೂತಿದ್ದು ವಿಂಡೋಸ್ ಸರ್ಚ್ ಇಂಡೆಕ್ಸರ್. ಅಪ್‌ಗ್ರೇಡ್ ಆದ ಮೇಲೆ ಫೈಲುಗಳನ್ನೆಲ್ಲ ಮತ್ತೆ ಪಟ್ಟಿ ಮಾಡುತ್ತೆ. ಜೊತೆಗೆ ಆಂಟಿಮಾಲ್ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ (ವೈರಸ್ ಹುಡುಕೋದು), ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್ (ಅಪ್‌ಡೇಟ್ ಹಾಕೋದು), ಒನ್‌ಡ್ರೈವ್ ಕೂಡ ಕೆಲಸಕ್ಕಿಳೀತವೆ. ಸಾಮಾನ್ಯವಾಗಿ ಚಾರ್ಜರ್ ಹಾಕಿ ಒಂದೆರಡು ರಾತ್ರಿ ಆನ್ ಬಿಟ್ರೆ ಮುಗಿಯುತ್ತೆ. ಇಂಡೆಕ್ಸರ್‌ಗೆ ಒಂದು ಗುರುತಿದೆ: ನೀವು ಕೆಲಸ ಮಾಡ್ತಿದ್ರೆ ಅದು ತಗ್ಗುತ್ತೆ, ಎದ್ದು ಕಾಫಿಗೆ ಹೋದ್ರೆ ಏರುತ್ತೆ. ವಾಪಸ್ ಬಂದು ಮೌಸ್ ಅಲ್ಲಾಡಿಸಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಣ್ಣಗಾದ್ರೆ ಅದರದ್ದೇ ಕೆಲಸ. ಕೆಟ್ಟ ಫ್ಯಾನಿಗೆ ಅಷ್ಟು ಮರ್ಯಾದೆ ಇರಲ್ಲ.

ನನ್ನದರಲ್ಲಿ ಅದು ಮುಗೀತಾನೇ ಇರಲಿಲ್ಲ. ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸರ್ಚ್ ಪುಟದಲ್ಲಿ ಎಷ್ಟು ಐಟಂ ಇಂಡೆಕ್ಸ್ ಆಗಿದೆ ಅಂತ ಲೆಕ್ಕ ತೋರಿಸುತ್ತೆ. ಆ ಸಂಖ್ಯೆ ಗಂಟೆಗಟ್ಟಲೆ ಅಲ್ಲೇ ನಿಂತಿದ್ದು ಸಿಪಿಯು ಮಾತ್ರ ಓಡ್ತಿದ್ರೆ ಇಂಡೆಕ್ಸ್ ಕೆಟ್ಟಿದೆ ಅಂತ ಅನುಮಾನ ಪಡಬಹುದು. ಅಲ್ಲೇ ಅಡ್ವಾನ್ಸ್‌ಡ್ ಇಂಡೆಕ್ಸಿಂಗ್ ಆಪ್ಷನ್ಸ್, ಅಡ್ವಾನ್ಸ್‌ಡ್, ರೀಬಿಲ್ಡ್. ಸರ್ಚ್ ಪುಟದಲ್ಲಿ ಎನ್‌ಹ್ಯಾನ್ಸ್‌ಡ್ (ಇಡೀ ಕಂಪ್ಯೂಟರ್ ಹುಡುಕೋದು) ಆಗಿದ್ರೆ ಕ್ಲಾಸಿಕ್ (ಕೆಲವೇ ಫೋಲ್ಡರ್) ಮಾಡಿ, ಫೋಟೋ ಬ್ಯಾಕಪ್ಪಿನಂಥ ದೊಡ್ಡ ಫೋಲ್ಡರುಗಳನ್ನ ಹೊರಗಿಡಿ. ಒಂದು ರಾತ್ರಿ ಬಿಟ್ಟೆ. ಸುಮ್ಮನಿದ್ದಾಗ 82 ಡಿಗ್ರಿ ಇದ್ದಿದ್ದು 58ಕ್ಕೆ ಇಳೀತು. ಖರ್ಚು ಸೊನ್ನೆ. ಇದಕ್ಕೆ ₹5,800.

ಉಳಿದಿದ್ದು ಧೂಳು, ಪೇಸ್ಟು. ಇದು ಹಳೇ ಸಾಲ, ಅಪ್‌ಗ್ರೇಡ್ ಬಂದು ಎತ್ತಿ ತೋರಿಸ್ತು ಅಷ್ಟೇ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ಹಿಡ್ಕೊಳ್ಳಿ, ಹುಚ್ಚಾಪಟ್ಟೆ ತಿರುಗಿದ್ರೆ ಬೇರಿಂಗ್ ಹಾಳು. ಹೀಟ್‌ಸಿಂಕ್ ಸ್ಕ್ರೂ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಅಚ್ಚೊತ್ತಿರುತ್ತೆ. ಹಾಕುವಾಗ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ, ಒಂದೇ ಮೂಲೆ ಪೂರ್ತಿ ಬಿಗಿದ್ರೆ ಚಿಪ್ಪಿನ ಅಂಚು ಒಡೆಯಬಹುದು. ಹಳೇ ಪೇಸ್ಟನ್ನ 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸದು ಅಕ್ಕಿ ಕಾಳಿನಷ್ಟು ಸಾಕು. ಲಿಕ್ವಿಡ್ ಮೆಟಲ್ ಹಾಕ್ತೀವಿ ಅಂದ್ರೆ ಬೇಡ ಅನ್ನಿ. ಅದರಲ್ಲಿ ಕರೆಂಟ್ ಹರಿಯುತ್ತೆ, ಅಲ್ಯೂಮಿನಿಯಂ ತಗುಲಿದ್ರೆ ತಿಂದುಹಾಕುತ್ತೆ. ನಮ್ಮದು ಈಗ ಸುಮ್ಮನಿದ್ರೆ 44, ಪೂರ್ತಿ ಲೋಡಲ್ಲಿ 81.

ಇನ್ನೊಂದು: ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ಬಯೋಸ್, ಚಿಪ್‌ಸೆಟ್, ಇಂಟೆಲ್ ಥರ್ಮಲ್ ಫ್ರೇಮ್‌ವರ್ಕ್ ಡ್ರೈವರ್ (ಯಂತ್ರದ ಭಾಗಗಳನ್ನ, ಬಿಸಿಯನ್ನ ಸಂಭಾಳಿಸೋ ಸಾಫ್ಟ್‌ವೇರುಗಳು) ಹೊಸದಿದ್ರೆ ಹಾಕಿ. ಅಂಗಡಿಯವರು ಇದನ್ನ ಯಾವತ್ತೂ ಮಾಡಲ್ಲ, ದುಡ್ಡು ಕೇಳೋಕೆ ಆಗಲ್ವಲ್ಲ.

ಅಂಗಡಿಗೆ ಹೋಗಲೇಬೇಕಂದ್ರೆ ಹಳೇ ಪಾರ್ಟ್ ಕೈಗೆ ಬರದೆ ದುಡ್ಡು ಬಿಚ್ಚಬೇಡಿ. ಬಿಲ್ ಇಲ್ಲದೆ ಬೇಡವೇ ಬೇಡ, 18% ಆದ್ರೂ ಕೊಡಿ. ನಾನು ಉಳಿಸಿದ ಸಾವಿರ ರೂಪಾಯಿ ಎಲ್ಲಿಗೆ ಹೋಯ್ತು ನೋಡಿದ್ರಲ್ಲ. ವಾಪಸ್ ತಗೊಳ್ಳುವಾಗ ಅಲ್ಲೇ ನಿಂತು ಪ್ರೊಸೆಸರ್ ಸ್ಟೇಟ್ 100 ಇದೆಯಾ ನೋಡಿ, ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಯಾವುದಿದೆ ನೋಡಿ, ಹತ್ತು ನಿಮಿಷ ಜೋರು ಕೆಲಸ ಕೊಟ್ಟು ಆಮೇಲೆ ಕಿವಿ ಕೊಡಿ. ಅವರು ಹಾಕಿದ ವಿಡಿಯೋ ನಂಬಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ ಅಂತ ನಿನ್ನೆ ಮೆಸೇಜ್ ಹಾಕಿದೆ. ಐದೇ ನಿಮಿಷಕ್ಕೆ ಉತ್ತರ ಬಂತು: "ಬೇಜಾರ್ ಮಾಡ್ಕೋಬೇಡಿ ಸಾರ್, ಸ್ಕ್ರಾಪಲ್ಲಿ ಹುಡುಕಿಸಿದೀವಿ, ನಿಮ್ಮ ಹಳೇ ಫ್ಯಾನ್ ಸಿಕ್ಕಿದೆ. ಶನಿವಾರ ಬಂದು ತಗೊಂಡೋಗಿ."

ನನ್ನ ಹಳೇ ಫ್ಯಾನ್ ಇದನ್ನ ಟೈಪ್ ಮಾಡ್ತಿರೋ ಲ್ಯಾಪ್‌ಟಾಪಲ್ಲೇ ತಿರುಗ್ತಿದೆ.