ಕಯ್ಯಾರ, ಸಾರಾ, ತಿರುಮಲೇಶ್: ಮೊದಲು ಯಾವುದನ್ನು ಓದುವುದು?

ಅಕ್ಕನ ಮಗಳಿಗೆ ಕನ್ನಡ ಓದಲು ಬರುತ್ತದೆ, ಓದುವ ಅಭ್ಯಾಸ ಇಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಇಂಥ ಮಕ್ಕಳು ಈಗ ಜಾಸ್ತಿ. "ಮಾವ, ನಮ್ಮ ಊರಿನವರು ಬರೆದದ್ದು ಒಂದು ಹೇಳಿ. ಒಂದೇ ಸಾಕು" ಎಂದಳು. ಈ ಮಳೆಗಾಲದಲ್ಲಿ ಮೂರು ಪುಸ್ತಕಗಳನ್ನು ಅವಳ ನೆಪದಲ್ಲಿ ಮತ್ತೆ ಓದಿದೆ. ಒಂದು ಆತ್ಮಕತೆ, ಒಂದು ಕಾದಂಬರಿ, ಒಂದು ಕಾವ್ಯ.

ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು' ನನಗೆ ಇಷ್ಟದ ಪುಸ್ತಕ. ನೂರು ವರ್ಷ ಬಾಳಿದ ಮನುಷ್ಯ (1915–2015), ಪೆರಡಾಲದಲ್ಲೇ ನೆಲೆ ನಿಂತವರು. ಸ್ವಾತಂತ್ರ್ಯ ಹೋರಾಟ, ಮೇಷ್ಟರ ಕೆಲಸ, ಕೃಷಿ, ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂಬ ವಿಲೀನೀಕರಣ ಚಳವಳಿ, ಎಲ್ಲವೂ ಒಂದೇ ಬಾಳಿನಲ್ಲಿ. ಊರು ಜಾಸ್ತಿ ಸಿಗುವುದು ಈ ಪುಸ್ತಕದಲ್ಲೇ. ಆದರೆ ಮೊದಲ ಓದಿಗೆ ಇದು ಬೇಡ ಅನ್ನಿಸಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದದ್ದು ನನ್ನ ಅಪ್ಪನಿಗೆ ಮನೆಯೊಳಗಿನ ಸಂಗತಿ. ಈ ಹುಡುಗಿಗೆ ಅದು ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಯ ಒಂದು ಪ್ರಶ್ನೆ. ಆ ಸಿಟ್ಟು, ಆ ಸಂಕಟ ಮೊದಲೇ ಗೊತ್ತಿದ್ದವರಿಗೆ ಪುಸ್ತಕ ಬೇಗ ಹತ್ತಿರವಾಗುತ್ತದೆ. ಗೊತ್ತಿಲ್ಲದವರಿಗೆ ಬರೀ ಹೆಸರುಗಳು, ಸಭೆಗಳು. ನಾನೂ ಈ ಸಲ ಕೆಲವು ಪುಟ ಹಾರಿಸಿದೆ, ಸುಳ್ಳು ಯಾಕೆ ಹೇಳಲಿ?

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಹಾಗಲ್ಲ. ಹಿಂದಿನದು ಏನೂ ಗೊತ್ತಿರಬೇಕಾಗಿಲ್ಲ. ಮಗಳು ನಾದಿರಾ, ಅಳಿಯ ರಶೀದ್, ನಡುವೆ ತಂದೆ ಮಹಮ್ಮದ್ ಖಾನ್. ಹಣದ ವಿಚಾರಕ್ಕೆ ಅಳಿಯನ ಮೇಲೆ ಮುನಿದು ಮಗಳನ್ನು ತನ್ನಲ್ಲೇ ಇರಿಸಿಕೊಳ್ಳುತ್ತಾನೆ, ತಲಾಖ್ ತನಕ ಎಳೆಯುತ್ತಾನೆ. ಗಂಡ ಹೆಂಡತಿಗೆ ಮತ್ತೆ ಒಂದಾಗುವ ಆಸೆ. ಅದಕ್ಕೆ ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದ ತಲಾಖ್ ಪಡೆಯಬೇಕು. ಮುಂದಿನದನ್ನು ಹೇಳುವುದಿಲ್ಲ. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕತೆ. ಅದಕ್ಕೇ ಇರಬೇಕು, ಎಲ್ಲೂ ನಿಲ್ಲಲು ಬಿಡುವುದಿಲ್ಲ. ಮಾತು ಸರಳ, ಅಲಂಕಾರ ಕಮ್ಮಿ. ರಶೀದ್ ಮಾತ್ರ ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಿತ್ತು. ಒಳ್ಳೆಯವನು ಎಂದು ಗೊತ್ತಾಗುತ್ತದೆ, ಮನುಷ್ಯ ಪೂರ್ತಿ ಕಾಣುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ವಿಚಾರ. ಕಯ್ಯಾರರ ಜೊತೆ ಹೋರಾಡಿದವರಿಗೆ ಚಂದ್ರಗಿರಿ ಹೊಳೆ ಎಂದರೆ ಗಡಿ. ಅದರ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗವೂ ಹೇಳಿತ್ತು. ಸಾರಾ ಅವರ ಕತೆಗೆ ಆ ಗಡಿ ಜಗಳವೇ ಬೇಡ. ಅದೇ ಹೊಳೆಯ ದಡದಲ್ಲಿ ಒಬ್ಬ ಹುಡುಗಿ ಅಪ್ಪನ ಮಾತಿಗೆ ಸಿಕ್ಕಿಬಿದ್ದಿದ್ದಾಳೆ, ಅಷ್ಟೇ. ಗಡಿ ಆಚೆ ಹೋಗಿದ್ದರೂ ಈಚೆ ಬಂದಿದ್ದರೂ ಅವಳಿಗೆ ಏನು ಬದಲಾಗುತ್ತಿತ್ತು? ನಮ್ಮ ಚಳವಳಿಯ ಮಾತುಗಳಲ್ಲಿ ಈ ಪ್ರಶ್ನೆ ನಾನು ಕೇಳಿದ್ದು ಕಮ್ಮಿ.

ಇನ್ನು ಕೆ.ವಿ. ತಿರುಮಲೇಶರ 'ಅಕ್ಷಯ ಕಾವ್ಯ'. 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಕವಿ ಹುಟ್ಟಿದ್ದು ಇಲ್ಲೇ ಕಾರಡ್ಕದಲ್ಲಿ, ಬದುಕಿದ್ದು ಹೆಚ್ಚಾಗಿ ಹೈದರಾಬಾದಿನಲ್ಲಿ. ಊರನ್ನು ಹುಡುಕಿಕೊಂಡು ಹೋದರೆ ಬೇಜಾರಾದೀತು. ಉದ್ದದ ಕಾವ್ಯ, ಹಿಡಿದು ಸಾಗಲು ಒಂದು ಕತೆ ಇಲ್ಲ. ನಾನು ಮೊದಲಿಂದ ಕೊನೆಗೆ ಓದುವ ಹಟ ಬಿಟ್ಟೆ. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಎಲ್ಲಿ ತೆರೆಯಿತೋ ಅಲ್ಲಿಂದ ಓದಿದೆ. ಹಾಗೆ ಓದಿದಾಗ ಚಂದ. ಒಂದೇ ಸಲ ಜಾಸ್ತಿ ಓದಿದರೆ ತಲೆ ಭಾರ. ಮೊಬೈಲಿನಲ್ಲಿ ಚೂರು ಚೂರೇ ಓದಿ ಬೆಳೆದವರಿಗೆ ಇದು ನಮಗಿಂತ ಸುಲಭವಾಗಬಹುದು. ವಿಚಿತ್ರ, ಅಲ್ವಾ?

ಸಾರಾ, ತಿರುಮಲೇಶ್ ಇಬ್ಬರೂ ತೀರಿಕೊಂಡದ್ದು 2023ರ ಜನವರಿಯಲ್ಲೇ. ಒಬ್ಬರು ಮಂಗಳೂರಿನಲ್ಲಿ, ಇನ್ನೊಬ್ಬರು ಹೈದರಾಬಾದಿನಲ್ಲಿ.

ಹುಡುಗಿಗೆ ಕಾದಂಬರಿ ಕೊಟ್ಟೆ. ಅದು ಮುಗಿದರೆ ಕಾವ್ಯ, ಬೇಕಾದ ಪುಟ ತೆರೆದು ಓದು ಎಂದು ಹೇಳಿದ್ದೇನೆ. ಆತ್ಮಕತೆಗೆ ಅವಸರವಿಲ್ಲ. "ನಾವು ಯಾಕೆ ಕೇರಳದಲ್ಲಿದ್ದೇವೆ ಮಾವ?" ಎಂದು ಅವಳಾಗಿಯೇ ಕೇಳಿದರೆ ಆಗ ಅದನ್ನು ಕೊಡಬಹುದು.